ಆಮೆಗೆ ಪೋಷಕರ ನೇಮಕ

ಕಳೆದ ಚೈತ್ರದ ಒಂದು ಸೋಮವಾರ ಬೆಳಿಗ್ಗೆ, ಕಣ್ಣು ಮಂಜಾದ ಮುದಿ ಆಮೆಗೆ ಪೋಷಕರನ್ನು ನೇಮಿಸಬೇಕೆಂಬ ಅರ್ಜಿ ನ್ಯಾಯಾಧೀಶ ಕೋಣನ ಮುಂದೆ ಬಂತು. ಅರ್ಜಿ ಹಾಕಿದ್ದು ನೆರೆಯ ನೀರುನಾಯಿ.

"ಅಜ್ಜನಿಗೆ ಬುದ್ಧಿ ಸ್ತಿಮಿತದಲ್ಲಿಲ್ಲ, ಸ್ವಾಮಿ. ಇನ್ನು ನಾನೇ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತೇನೆ," ಎನ್ನುತ್ತ ಅದು ಆಮೆಯ ಪಕ್ಕಕ್ಕೆ ಬಂದು ನಿಂತಿತು. ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.

"ಮೂರು ಸಲ ಕರೆಯುತ್ತೇನೆ. ಓಗೊಡದಿದ್ದರೆ ಬುದ್ಧಿಯಿಲ್ಲವೆಂದೇ ಅರ್ಥ," ಎಂದಿತು ಕೋಣ. ಎರಡು ಸಲ ಕರೆಯಿತು. ಚಿಪ್ಪು ನಡುಗಿತು, ದನಿ ಬರಲಿಲ್ಲ.

ಆಮೆಯ ವಕೀಲ ಮೀಂಚುಳ್ಳಿ ಎದ್ದಿತು. "ಸ್ವಾಮಿ, ಬುದ್ಧಿ ಇರುವುದರಿಂದಲೇ ಅವನು ತಲೆ ಹೊರಗೆ ಹಾಕುತ್ತಿಲ್ಲ. ಮೊದಲು ಅರ್ಜಿದಾರನನ್ನು ದೂರ ನಿಲ್ಲಿಸಿ."

"ನೋಡಿಕೊಳ್ಳುವವನನ್ನೇ ದೂರ ನಿಲ್ಲಿಸುವುದೆ? ಚೆನ್ನಾಗಿದೆ ನಿಮ್ಮ ವಾದ!" ಎಂದಿತು ಕೋಣ.

ನೀರುನಾಯಿ ಚಿಪ್ಪಿನ ಬಾಯಿಗೆ ಮೂತಿ ತಂದು ಮೆಲ್ಲಗೆ ಹೇಳಿತು: "ಹೆದರಬೇಡ ಅಜ್ಜಾ, ನಾನಿದ್ದೇನಲ್ಲ."

ಕೋಣ ಮೂರನೆಯ ಸಲ ಕರೆಯಿತು. ಉತ್ತರ ಬರಲಿಲ್ಲ, ಆಜ್ಞೆಯಾಯಿತು. ನೀರುನಾಯಿ ಆಮೆಯನ್ನು ಉರುಳಿಸಿಕೊಂಡು ತನ್ನ ಬಿಲಕ್ಕೆ ಒಯ್ದಿತು. ಹಿಂದೆಯೇ ಹಾರಿಹೋದ ಮೀಂಚುಳ್ಳಿ ಒಳಗೆ ಇಣುಕಿತು. ಅಲ್ಲಿ ಆಗಲೇ ಇದ್ದ ಖಾಲಿ ಚಿಪ್ಪುಗಳು ಏಳು.