ಸೀಲು ಒಡೆಯದ ಕ್ಯಾಸೆಟ್

ಮುಕುಂದರಾಯರು ತಮ್ಮ ವಿಡಿಯೋ ಗೇಮ್ ಕ್ಯಾಸೆಟ್‌ಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದರ ಬೆಲೆಯನ್ನೂ ಪಟ್ಟಿಗೆ ಬರೆಯುತ್ತಿದ್ದರು.

"ನನ್ನ ಸೀಲನ್ನು ಯಾರೂ ಒಡೆದಿಲ್ಲ. ನಲವತ್ತು ಸಾವಿರ!" ಎಂದಿತು ಒಂದು ಕ್ಯಾಸೆಟ್. "ನಿನ್ನದೆಷ್ಟು, ತಾತ?"

"ಐವತ್ತು," ಎಂದಿತು ಲೇಬಲ್ ಹರಿದ ಹಳೆಯದು. "ಅದೂ ಯಂತ್ರದಲ್ಲಿ ನಡೆದರೆ. ಇಲ್ಲವಾದರೆ ಗುಜರಿಗೆ."

ರಾಯರು ಹಳೆಯದನ್ನು ಆಟದ ಯಂತ್ರಕ್ಕೆ ಹಾಕಿದರು, ಪರದೆ ಬೆಳಗಲಿಲ್ಲ. ಚಿಕ್ಕಂದಿನ ಅಭ್ಯಾಸದಂತೆ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಮತ್ತೆ ಹಾಕಿದರು. ಸಂಗೀತ ಮೊಳಗಿತು. ರಾಯರು ಬರೆಯುವುದನ್ನು ಮರೆತು ಆಡತೊಡಗಿದರು.

ಸೀಲಿನದು ತಡೆಯಲಾರದೆ ಪಟ್ಟಿಯನ್ನು ಕೇಳಿತು: "ನನ್ನ ಸರದಿ ಯಾವಾಗ, ಸ್ವಾಮಿ? ನನ್ನೊಳಗೂ ಆಟ ಇದೆಯಲ್ಲ!"

"ಸೀಲು ಒಡೆದರೆ ನಿನ್ನ ನಲವತ್ತು ಸಾವಿರ ಹೋಗುತ್ತದೆ," ಎಂದಿತು ಪಟ್ಟಿ.

"ಹೋದರೆ ಹೋಗಲಿ!"

"ನೀನು ಹೇಳಿದರಾಗದು. ಬರೆದಾಗಿದೆ."

ಆಟ ಮುಗಿಸಿದ ರಾಯರು ಸೀಲಿನದನ್ನು ಮೆಲ್ಲಗೆ ಒರೆಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹಳೆಯದು ಯಂತ್ರದಲ್ಲೇ ಉಳಿಯಿತು.