ವಿಠೋಬನ ರುಮಾಲು, ತುಳಜವ್ವನ ನೆರಿಗೆ

ಬಹಳ ಹಿಂದಿನ ಮಾತು. ಎರೆಮಣ್ಣಿನ ಸೀಮೆಯಲ್ಲಿ ಒಂದೂರು. ಆ ಊರಲ್ಲಿ ಸಿಂಪಿಗರ ತುಳಜವ್ವ ಅಂತ ಒಬ್ಬಳಿದ್ದಳಂತೆ.

ಅರಿವೆ ಹೊಲಿಯುವವರು ಊರೂರಿಗೂ ಇದ್ದರು. ತುಳಜವ್ವನ ಹಾಗೆ ನೆರಿಗೆ ಹಿಡಿಯುವವರು ಇರಲಿಲ್ಲ. ಅವಳ ನೆರಿಗೆ ರವೆಯ ಕಾಳಿನಷ್ಟು ಸಣ್ಣ. ಕಣ್ಣಿಗೆ ಕಾಣುವುದಿಲ್ಲ, ಉಗುರು ಎಳೆದರೆ ಗೊತ್ತಾಗಬೇಕು. ಅಂಚಿಗೆ ಹುರಿ ಕೂಡಿಸಿದರೆ ಆ ಹುರಿ ಅರಿವೆಯಲ್ಲೇ ಬೆಳೆದದ್ದು ಅನ್ನಬೇಕು. ಹಾಗಂತ ಹೇಳುತ್ತಾರೆ.

ಅವಳದು ಕೈಮಷೀನು. ನೆರಿಗೆ ಹಿಡಿಯಲು ಅವಳಿಗೆ ಎರಡೂ ಕೈ ಬೇಕು. ಅದಕ್ಕೆ ಹಿಡಿಕೆ ತಿರುಗಿಸುವುದು ಗಂಡ ವಿಠೋಬನ ಕೆಲಸ. ಅವಳು ಹೂಂ ಅಂದರೆ ತಿರುಗಿಸಬೇಕು. ಸುಮ್ಮನಾದರೆ ನಿಲ್ಲಿಸಬೇಕು. ಜನ ನಗುತ್ತಿದ್ದರು.

"ಏನೋ ವಿಠೋಬಾ, ಹೇಣ್ತಿ ಹೂಂ ಅನ್ನದ ಉಸಿರೂ ಬಿಡಂಗಿಲ್ಲೇನು?"

"ಬಿಡಂಗಿಲ್ಲ. ಬಿಟ್ಟರ ನೆರಿಗಿ ಸೊಟ್ಟ ಆಗತೈತಿ" ಅನ್ನುತ್ತಿದ್ದ. ಅದರಲ್ಲಿ ಅವನಿಗೆ ಹೆಮ್ಮೆಯೇ ಇತ್ತು.

ಆ ಊರಿನ ಸೊಸೆ ಶಾವಂತ್ರಿಗೆ ಚೊಚ್ಚಲು ಗಂಡು ಹುಟ್ಟಿತು. ಹುಟ್ಟಿತು, ತೊಟ್ಟಿಲು ಮಾತ್ರ ಕಾಣಲಿಲ್ಲ. ಆ ಸೀಮೆಯ ರೂಢಿ ಹಾಗೆ. ತೊಟ್ಟಿಲಿಗೆ ಹಾಕುವಾಗ ಕೂಸಿನ ತಲೆಗೂ ಬೆನ್ನಿಗೂ ಹೊದಿಸುವ ಕುಂಚಿಗೆ ತಾಯಿಯ ತವರಿನಿಂದ ಬರಬೇಕು. ಶಾವಂತ್ರಿಗೆ ತವರಿಲ್ಲ. ದೊಡ್ಡ ಬೇನೆ ಬಂದ ವರ್ಷ ಮನೆಮಂದಿಯೆಲ್ಲ ಹೋಗಿದ್ದರು. ಅತ್ತೆ ನೀಲಗಂಗವ್ವ ಬಿಗಿ ಹೆಂಗಸು. ತವರಿನ ಕುಂಚಿಗೆ ಬರುವವರೆಗೆ ತೊಟ್ಟಿಲಿಲ್ಲ, ಹೆಸರಿಲ್ಲ ಅಂದಳಂತೆ. ಕೂಸು ಹೆಸರಿಲ್ಲದೆ ಬೆಳೆಯತೊಡಗಿತು.

ತುಳಜವ್ವನಿಗೆ ಸುದ್ದಿ ತಿಳಿಯಿತು. ಅಂದು ಅವಳು ಊಟ ಮಾಡಲಿಲ್ಲ. "ಆ ಹುಡುಗಿಗೆ ನಾವೇ ತವರಾಗೂಣು" ಅಂದಳು. ವಿಠೋಬ ಆಗಲಿ ಅಂದ. ಆದರೆ ಮನೆಯಲ್ಲಿದ್ದ ಅರಿವೆಯೆಲ್ಲ ಮಂದಿಯದು. ಅದರಲ್ಲಿ ಒಂದು ಚೂರೂ ಮುಟ್ಟುವವಳಲ್ಲ ಅವಳು. ವಿಠೋಬ ಎದ್ದ. ಗೂಟದಲ್ಲಿದ್ದ, ತಲೆಗೆ ಸುತ್ತುವ ತನ್ನ ಲಗ್ನದ ರುಮಾಲು ತಂದು ಮಷೀನಿನ ಮೇಲಿಟ್ಟ. ಅವನಿಗಿದ್ದದ್ದು ಅದೊಂದೇ ರುಮಾಲು.

ರುಮಾಲಿನ ಅರಿವೆ ತೆಳು. ಬೆಳಕಿಗೆ ಹಿಡಿದರೆ ಆಚೆಯ ಮೋರೆ ಕಾಣುತ್ತಿತ್ತು. ಇಂಥದ್ದನ್ನು ನೀಲಗಂಗವ್ವ ಹೊಸ್ತಿಲು ದಾಟಿಸುವವಳಲ್ಲ. ತುಳಜವ್ವ ನೆರಿಗೆ ಹಿಡಿದಳು. ನೆರಿಗೆಗೆ ನೆರಿಗೆ ತಗುಲುವ ಹಾಗೆ, ಒತ್ತಾಗಿ, ಸಾಲು ಸಾಲು. ಅವಳು ಹೂಂ ಅಂದಳು, ಅವನು ತಿರುಗಿಸಿದ. ಅವಳು ಸುಮ್ಮನಾದಳು, ಅವನು ನಿಲ್ಲಿಸಿದ. ಮೊಳಗಟ್ಟಲೆ ಅರಿವೆ ನೆರಿಗೆಯೊಳಗೆ ಹೋಯಿತು. ಕಂಬಳಿಯಷ್ಟು ದಪ್ಪ ಆಯಿತು, ಬೆಣ್ಣೆಯಷ್ಟು ಮೆತ್ತಗೂ ಇತ್ತು ಅಂತ ಹೇಳುತ್ತಾರೆ. ತನ್ನ ಕೆಂಪು ಕುಬಸವೊಂದನ್ನು ಓರೆಯಾಗಿ ಕತ್ತರಿಸಿ, ಹುರಿಗೆ ಸುತ್ತಿ, ಅಂಚಿಗೆಲ್ಲ ಕೂಡಿಸಿದಳು. ಮೋರೆಯ ಸುತ್ತ ಬರುವ ದುಂಡಿನಲ್ಲೂ ಹುರಿ ಸುಕ್ಕಾಗಲಿಲ್ಲವಂತೆ.

ಮಾರನೆಯ ದಿನ ಹೊರಟರು. ವಿಠೋಬ ಮುಂದೆ, ಬರಿತಲೆ. ಆ ಸೀಮೆಯಲ್ಲಿ ಗಂಡಸು ಬರಿತಲೆಯಲ್ಲಿ ಬೀದಿಗೆ ಬರುವುದು ಮನೆಯಲ್ಲಿ ಸಾವಾದಾಗ ಮಾತ್ರ. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ನೋಡಿದಳು. "ಅಯ್ಯೋ ತುಳಜವ್ವಾ, ಹ್ವಾದ್ಯಾ ನಮ್ಮವ್ವಾ!" ಅಂತ ಎದೆ ಬಡಿದುಕೊಂಡಳು. ಓಣಿಯ ಹೆಂಗಸರು ಅಳುತ್ತಾ ಹೊರಬಂದರು.

ಹಿಂದಿನಿಂದ ತುಳಜವ್ವ ಬಂದಳು. "ಬಾಯಿ ಮುಚ್ಚ ಯಕ್ಕಾ, ನಾ ಇನ್ನೂ ಅದೀನಿ. ಅಳು ಹಂಗ ಇಟಗೊ, ಮುಂದ ಬೇಕಾಗತೈತಿ" ಅಂದಳಂತೆ.

ಅಳುತ್ತಿದ್ದವರು ನಕ್ಕರು. ನಕ್ಕವರು ಅವರ ಹಿಂದೆಯೇ ನಡೆದರು.

ನೀಲಗಂಗವ್ವ ಹೊಸ್ತಿಲಲ್ಲಿ ನಿಂತು ಕುಂಚಿಗೆಯನ್ನು ಬೆಳಕಿಗೆ ಹಿಡಿದಳು. ಆಚೆಯದು ಏನೂ ಕಾಣಲಿಲ್ಲ. ಉಗುರು ಎಳೆದಳು. ಉಗುರು ಸರ್ರನೆ ಜಾರಿತು, ಎಲ್ಲಿಯೂ ತಡೆಯಲಿಲ್ಲ. ಆಮೇಲೆ ವಿಠೋಬನ ತಲೆ ನೋಡಿದಳು. "ರುಮಾಲ ಎಲ್ಲೈತಿ?" ಅಂದಳು.

"ನನ್ನ ಮೊಮ್ಮಗಗ ಕೊಟ್ಟೀನ್ರಿ" ಅಂದ ವಿಠೋಬ.

ಆ ಬಿಗಿ ಹೆಂಗಸು ತಾನೇ ಚೊಂಬು ಹಿಡಿದು ಬಂದು ಬೀಗರ ಕಾಲಿಗೆ ನೀರು ಕೊಟ್ಟಳಂತೆ. ಒಳಗಿನಿಂದ ಶಾವಂತ್ರಿ "ಅವ್ವಾ" ಅಂದಳು. ಕೂಸು ತೊಟ್ಟಿಲು ಕಂಡಿತು.

ತುಳಜವ್ವ ಹೋಗಿ ಎಷ್ಟು ಕಾಲವಾಯಿತೋ. ಅಂಥ ನೆರಿಗೆ ಮತ್ತೆ ಯಾರ ಕೈಗೂ ಬರಲಿಲ್ಲ. ಆದರೆ ಆ ಊರಿಗೆ ತವರಿನ ಕುಂಚಿಗೆ ತರುವ ಗಂಡಸು ಇಂದಿಗೂ ಊರ ಅಗಸಿ ಬಾಗಿಲಲ್ಲಿ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಾನೆ. ಬೀದಿಯುದ್ದಕ್ಕೂ ಬರಿತಲೆಯಲ್ಲಿ, ಎದೆಯೆತ್ತಿ ನಡೆಯುತ್ತಾನೆ. ಹೊಸಬರು ನೋಡಿ ಗಾಬರಿಯಾಗುತ್ತಾರೆ, ಯಾರು ಹೋದರು ಅಂತ ಕೇಳುತ್ತಾರೆ.

ಯಾರೂ ಹೋಗಿಲ್ಲ ಅನ್ನುತ್ತಾರೆ ಊರವರು. ತುಳಜವ್ವ ಹಿಂದೆ ಬರುತ್ತಿದ್ದಾಳೆ ಅನ್ನುತ್ತಾರೆ.