ಕುರ್ಚಿಯಡಿಯ ಸುಣ್ಣ

ಹುಟ್ಟಿದಾಗಿಂದ ನಾನು ಎಲೆಅಡಿಕೆ ಬಾಯಿಗೆ ಹಾಕಿದವನೇ ಅಲ್ಲ. ಹಾಕಿದ್ದನ್ನು ನೋಡಿದೆ ಅನ್ನುವವರು ಇದ್ದರೆ, ಅವರೆಲ್ಲ ತೀರಿಕೊಂಡು ಬಹಳ ಕಾಲವಾಯ್ತು.

ಆಗ ಮೈಸೂರಲ್ಲಿ, ಹಳೇ ಮಾದರಿಯ ಕುರ್ಚಿ, ಮಂಚ ಮಾಡಿ ಮಾರುವ ಅಂಗಡಿಯಲ್ಲಿ ಪಾಲಿಶ್ ಹಚ್ಚುತ್ತಿದ್ದೆ. ಒಂದು ಬೆಳಿಗ್ಗೆ ವಕೀಲರೊಬ್ಬರು ಬಂದು ಆರಾಮಕುರ್ಚಿ ತಟ್ಟಿ ನೋಡಿದರು.

"ಥೂ, ಹೊಸದು! ನಾಲ್ಕು ತಲೆಮಾರು ಕೂತ ಕುರ್ಚಿ ಬೇಕು ನನಗೆ. ಸಂಜೆ ಬರ್ತೀನಿ."

ಅವರು ಹೋದಮೇಲೆ ಸಾಹುಕಾರ ನನ್ನತ್ತ ತಿರುಗಿದ. "ಈ ಗಿರಾಕಿ ಬರಿಗೈಲಿ ಹೋದರೆ ನಾಳೆಯಿಂದ ನೀನೂ ಬರಬೇಡ."

ಅದೇ ಕುರ್ಚಿಯನ್ನು ಕತ್ತಲೆ ಮೂಲೆಗೆ ಎಳೆದು, ಕಾಲು ಚಾಚಿ ಕೂತೆ. ಸಂಜೆಯೊಳಗೆ ಮೂವತ್ತೆರಡು ಸಲ ಎಲೆಅಡಿಕೆ ಹಾಕಿದೆ. ಪ್ರತಿ ಸಲವೂ ಬೆರಳಲ್ಲಿ ಉಳಿದ ಸುಣ್ಣವನ್ನು ಕುರ್ಚಿಯ ಕೈಯಡಿಗೆ ಒರೆಸಿದೆ.

ವಕೀಲರು ಬಂದರು. "ಅಡಿಯಲ್ಲಿ ಕೈಯಾಡಿಸಿ ಸ್ವಾಮಿ" ಅಂದೆ, ಅಷ್ಟೇ.

ಆಡಿಸಿದರು. ಕಣ್ಣಲ್ಲಿ ನೀರು ಬಂತು.

"ನಮ್ಮಜ್ಜನೂ ಹೀಗೇ ಒರೆಸ್ತಿದ್ದರು ಕಣಯ್ಯ! ಒಂದು ಚೂರೂ ಉದುರಬಾರದು" ಅಂತ ಕುರ್ಚಿಯನ್ನು ಹಸುಗೂಸಿನ ಹಾಗೆ ಹೊರಿಸಿಕೊಂಡು ಹೋದರು.

ಇದನ್ನು ಕೇಳುತ್ತಿದ್ದ ಪಕ್ಕದ ಮನೆ ಪುಟ್ಟನಂಜಿ, "ಅಲ್ಲ ತಾತ, ಎಲೆಅಡಿಕೆ ಹಾಕಿದವನೇ ಅಲ್ಲ ಅಂದ್ಯಲ್ಲ?" ಅಂದಳು.

ನಾನು ಹೆಗಲು ಕುಣಿಸಿದೆ. "ಅದು ಕುರ್ಚಿಗೆ ಹಾಕಿದ್ದು ಕಣೇ, ನನಗಲ್ಲ."